ಕಟ್ಟೆಯ ಮೇಲಿನ ವಿಜ್ಞಾನ

ವಿಜ್ಞಾನವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಗಾಜಿನ ನಳಿಗೆಗಳು, ತಂತಿಯ ಸುರುಳಿಗಳು, ಬಿಳಿಯ ನಿಲುವಂಗಿ ತೊಟ್ಟ ಗಂಭೀರ ಮುಖದ ಒಬ್ಬ ವ್ಯಕ್ತಿ. ಅದು ಪಟ್ಟಣದ ವಸ್ತು, ಪ್ರಯೋಗಶಾಲೆಯ ಬೀಗದ ಒಳಗಿನದು, ಪರೀಕ್ಷೆಗಾಗಿ ಓದಬೇಕಾದುದು, ಪರೀಕ್ಷೆ ಮುಗಿದ ಮರುದಿನ ಮರೆಯಬಹುದಾದುದು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ಹೊಟ್ಟೆ ಹೊರೆಯುವ ನಾವೂ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ಭಾವಿಸಿದ್ದೆವೆಂದು ಒಪ್ಪಿಕೊಳ್ಳಲು ಸಂಕೋಚಪಡುವುದಿಲ್ಲ. ಈ ಭಾವನೆಯನ್ನು ಕದಲಿಸಿದುದು ಯಾವ ಮಹಾಗ್ರಂಥವೂ ಅಲ್ಲ. ಭೂಸನೂರಿನ ಒಂದು ಬೇವಿನ ಮರದ ಕಟ್ಟೆ.

ಭೂಸನೂರ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಒಂದು ಗ್ರಾಮ. ಸುತ್ತಲೂ ಎರೆಯ ನೆಲ. ಅದರಲ್ಲಿ ತೊಗರಿ ಮತ್ತು ಜೋಳ, ನೀರಿನ ಅನುಕೂಲವಿದ್ದಲ್ಲಿ ಕಬ್ಬು. ಸಕ್ಕರೆ ಕಾರ್ಖಾನೆಯೂ ಉಂಟು. ಕಳೆದ ಬೇಸಗೆಯಲ್ಲಿ, ಮೇ ತಿಂಗಳ ಎರಡನೆಯ ವಾರ, ಬಂಧುಗಳ ಮನೆಯ ಮದುವೆಯೊಂದಕ್ಕೆ ಅಲ್ಲಿಗೆ ಹೋಗಿದ್ದೆವು. ಮದುವೆ ಒಂದೇ ದಿನದಲ್ಲಿ ಮುಗಿಯಿತು. ಬಂಧುಗಳ ಒತ್ತಾಯ ಮಾತ್ರ ನಾಲ್ಕು ದಿನ ಮುಗಿಯಲಿಲ್ಲ. ಆ ನಾಲ್ಕು ದಿನಗಳ ಸಂಜೆಗಳನ್ನು ಕಟ್ಟೆಯ ಮೇಲೆ ಕಳೆದೆವು. ಅಲ್ಲಿ ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಟ್ಟು, ಅದರಿಂದ ನಮಗೆ ತೋರಿದ ಒಂದು ಅಭಿಪ್ರಾಯವನ್ನು ಹೇಳುವುದೇ ಈ ಲೇಖನದ ಉದ್ದೇಶ. ಆ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ದಿನನಿತ್ಯದ ಸೋಜಿಗಗಳನ್ನು ಕುರಿತ ಹರಟೆ ವಿಜ್ಞಾನದ ವೈರಿಯಲ್ಲ. ಅದು ವಿಜ್ಞಾನದ ತವರುಮನೆ. ಆದರೆ ತವರಿನಲ್ಲಿಯೇ ಉಳಿದರೆ ಸಂಸಾರ ಸಾಗದು.

ಮೊದಲ ಸಂಜೆಯ ಮಾತು ಐಸಿನಿಂದ ಆರಂಭವಾಯಿತು. ಮದುವೆಯ ಶರಬತ್ತಿಗೆಂದು ತರಿಸಿದ್ದ ಐಸಿನ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ಮೇಲೊಂದು ಕಂಬಳಿಯನ್ನು ಹೊದಿಸಿದ್ದರು. ಅದನ್ನು ಕಂಡಿದ್ದ ಹುಡುಗನೊಬ್ಬ ಕೇಳಿದ: “ಸರ, ಕಂಬಳಿ ಹೊದ್ದರ ನಮಗ ಬೆಚ್ಚಗ ಆಗ್ತದ. ಐಸಿಗೆ ಹೊದಿಸಿದ್ರ ಅದು ಲಗೂನ ಕರಗಬೇಕಿಲ್ಲೇನ್ರಿ?”

ಕಟ್ಟೆಯ ಮೇಲೆ ನಗೆಯೆದ್ದಿತು. ಆದರೆ ಯಾರೂ ಉತ್ತರ ಹೇಳಲಿಲ್ಲ. ಕಂಬಳಿಯಲ್ಲಿ ಸ್ವಂತದ ಶಾಖವೆಂಬುದು ಯಾವುದೂ ಇಲ್ಲವೆಂದೂ, ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯ ಮೂಲಕ ಶಾಖ ಸುಲಭವಾಗಿ ಹಾಯದೆಂದೂ, ಚಳಿಯಲ್ಲಿ ಅದು ಮೈಯ ಶಾಖವನ್ನು ಹೊರಕ್ಕೆ ಬಿಡದೆ ತಡೆಯುವುದೆಂದೂ, ಬೇಸಗೆಯಲ್ಲಿ ಹೊರಗಿನ ಶಾಖವನ್ನು ಐಸಿನ ಬಳಿಗೆ ಬಿಡದೆ ತಡೆಯುವುದೆಂದೂ ನಾವು ವಿವರಿಸಿದೆವು. ಎಲ್ಲವನ್ನೂ ಕೇಳಿದ ಹಿರಿಯರೊಬ್ಬರು, “ಹಂಗಾರ ಕಂಬಳಿ ಬಿಸಿನೂ ಅಲ್ಲ, ತಂಪೂ ಅಲ್ಲ, ಅದು ಬಾಗಿಲು ಕಾಯೋ ಆಳು ಅನ್ರಿ” ಎಂದರು. ನಾವು ಹತ್ತು ವಾಕ್ಯಗಳಲ್ಲಿ ಹೇಳಿದುದನ್ನು ಅವರು ಒಂದರಲ್ಲಿ ಮುಗಿಸಿದ್ದರು. ಆ ವಾಕ್ಯವನ್ನು ಈಗ ನಾವು ತರಗತಿಯಲ್ಲಿ ಬಳಸುತ್ತಿದ್ದೇವೆ.

ಮಾತು ಅಲ್ಲಿಂದ ಮಣ್ಣಿನ ಗಡಿಗೆಗೆ ಹೊರಳಿತು. ಸ್ಟೀಲಿನ ಕೊಡದ ನೀರು ಬಿಸಿಯಾಗಿಯೇ ಇರುವಾಗ ಗಡಿಗೆಯ ನೀರು ಏಕೆ ತಣ್ಣಗಿರುತ್ತದೆ? ಆಗತಾನೆ ಪಿ.ಯು.ಸಿ. ಮುಗಿಸಿದ್ದ ತರುಣನೊಬ್ಬ ಕೂಡಲೇ “ಬಾಷ್ಪೀಭವನ” ಎಂದ. “ಅಂದ್ರೇನಪಾ?” ಎಂದು ಹಿರಿಯರು ಕೇಳಿದರು. ತರುಣ ನಮ್ಮ ಮುಖ ನೋಡಿದ. ಅವನಿಗೆ ಹೆಸರು ಗೊತ್ತಿತ್ತು, ಸಂಗತಿ ಗೊತ್ತಿರಲಿಲ್ಲ. ತಪ್ಪು ಅವನದಲ್ಲ, ನಮ್ಮಂತಹ ಬೋಧಕರದು. ಹೆಸರನ್ನು ಬರೆದವನಿಗೆ ಅಂಕ ಕೊಡುವವರು ನಾವೇ ಅಲ್ಲವೆ? ಸಂಗತಿ ಹೀಗಿದೆ. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ನೀರು ಒಸರಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಗ್ರಾಮು ನೀರು ಆವಿಯಾಗಬೇಕಾದರೆ ಅದಕ್ಕೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರ ಬಹುಭಾಗವನ್ನು ಅದು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ಹತ್ತು ಲೀಟರು ನೀರಿನಲ್ಲಿ ನೂರು ಗ್ರಾಮು, ಎಂದರೆ ನೂರರಲ್ಲಿ ಒಂದು ಪಾಲು, ಆವಿಯಾಗಿ ಹೋದರೆ, ಹೊರಗಿನಿಂದ ಶಾಖ ಸೇರದ ಪಕ್ಷದಲ್ಲಿ, ಉಳಿದ ನೀರಿನ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನೀರಿನ ಆ ಒಂದು ಪಾಲು ಉಳಿದ ತೊಂಬತ್ತೊಂಬತ್ತು ಪಾಲನ್ನು ತಂಪು ಮಾಡಿ ಹೊರಟುಹೋಗುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ಮಳೆಗಾಲದಲ್ಲಿ ಅದೇ ಗಡಿಗೆ ಸೋಲುವುದೂ, ಹಳೆಯ ಗಡಿಗೆಯ ರಂಧ್ರಗಳು ಉಪ್ಪಿನ ಅಂಶದಿಂದ ಮುಚ್ಚಿಹೋಗಿ ಅದು ತನ್ನ ಗುಣವನ್ನು ಕಳೆದುಕೊಳ್ಳುವುದೂ ಈ ಕಾರಣದಿಂದಲೇ. ಇದು ಹೆಂಗಸರಿಗೆಲ್ಲ ತಿಳಿದಿತ್ತು. ಕಾರಣವನ್ನು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೆ.

ಇನ್ನು ನಮ್ಮ ಸೋಲಿನ ಕಥೆಗಳನ್ನು ಹೇಳಬೇಕು. ಅವು ಎರಡು.

ಮರುದಿನ ಬೆಳಗ್ಗೆ ಅಡಿಗೆಮನೆಯ ಬಾಗಿಲಲ್ಲಿ ಚಹದ ಬಟ್ಟಲು ಹಿಡಿದು ಕುಳಿತಿದ್ದೆವು. ಒಳಗೆ ಮನೆಯ ಹಿರಿಯಾಕೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಾದ ಹಂಚಿನ ಮೇಲೆ ರೊಟ್ಟಿ ಬಿದ್ದು, ಮೇಲುಮೈಗೆ ನೀರಿನ ಬಟ್ಟೆ ತಾಗಿ, ಮಗುಚಿದ ಮೇಲೆ ಚೆಂಡಿನಂತೆ ಉಬ್ಬುತ್ತಿತ್ತು. ಪಕ್ಕದಲ್ಲಿದ್ದ ಮೊಮ್ಮಗಳು ಏಕೆಂದು ಕೇಳಿದಳು. “ಒಳಗಿನ ಗಾಳಿ ಕಾದು ಹಿಗ್ಗುತ್ತದೆ” ಎಂದು ನಾವು ಧೈರ್ಯವಾಗಿ ಹೇಳಿದೆವು. ಹಿರಿಯಾಕೆ ತಲೆಯೆತ್ತದೆಯೇ ಅಂದರು: “ಗಾಳಿ ನಿನ್ನಿ ಕಡಕ್ ರೊಟ್ಟಿಯಾಗೂ ಇರ್ತದಲ್ಲೋ ತಮ್ಮಾ. ಅದನ್ನ ಮತ್ತ ಹಂಚಿನ ಮ್ಯಾಲ ಹಾಕಿದ್ರ ಯಾಕ ಉಬ್ಬಂಗಿಲ್ಲ?”

ನಾವು ಚಹ ಕುಡಿಯುವುದನ್ನು ನಿಲ್ಲಿಸಿದೆವು. ಲೆಕ್ಕ ಹಾಕಿದರೆ ಹಿರಿಯಾಕೆಯ ಮಾತೇ ಸರಿ. ಗಾಳಿಯನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಕಾಲುಪಾಲಿನಷ್ಟೂ ಹೆಚ್ಚುವುದಿಲ್ಲ. ಅಷ್ಟರಿಂದ ರೊಟ್ಟಿ ಚೆಂಡಾಗದು. ಆದರೆ ಒಂದು ಗ್ರಾಮು ನೀರು ಕುದಿದು ಆವಿಯಾದರೆ ಸುಮಾರು 1,700 ಘನ ಸೆಂಟಿಮೀಟರುಗಳಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಎಂದರೆ ಒಂದಕ್ಕೆ ಸಾವಿರದ ಏಳುನೂರು. ರೊಟ್ಟಿಯನ್ನು ಉಬ್ಬಿಸುವುದು ಗಾಳಿಯಲ್ಲ, ಹಿಟ್ಟಿನೊಳಗಿನ ನೀರು. ಕೆಳಮೈಯೂ ಮೇಲುಮೈಯೂ ಬೆಂದು ಬಿಗಿಯಾದಾಗ ನಡುವೆ ಹುಟ್ಟಿದ ಹಬೆಗೆ ಹೊರಹೋಗಲು ದಾರಿಯಿಲ್ಲದೆ ಅದು ಎರಡು ಪದರಗಳನ್ನು ದೂರ ತಳ್ಳುತ್ತದೆ. ಎಲ್ಲಿಯಾದರೂ ಸಣ್ಣದೊಂದು ಹರಕು ಬಿದ್ದರೆ ಹಬೆ ಅಲ್ಲಿಂದ ಪಾರಾಗಿ ರೊಟ್ಟಿ ಸಪ್ಪಗೆ ಕುಳಿತುಬಿಡುತ್ತದೆ. ಒಣಗಿದ ಕಡಕ್ ರೊಟ್ಟಿಯ ಪದರಗಳು ಬಿರುಸಾಗಿರುವುದೂ ಒಂದು ಅಡ್ಡಿಯೇ. ಆದರೆ ಮುಖ್ಯವಾದ ಕೊರತೆ ನೀರಿನದು.

ಹಿರಿಯಾಕೆ ಹಿಟ್ಟಿಗೆ ತಣ್ಣೀರು ಹಾಕದೆ ಕುದಿಯುವ ಎಸರನ್ನೇ ಹಾಕಿದ್ದುದಕ್ಕೂ ಕಾರಣವುಂಟು. ಗೋದಿಯ ಹಿಟ್ಟನ್ನು ಹಿಡಿದಿಡುವ ಅಂಟು ಜೋಳದಲ್ಲಿ ಇಲ್ಲ. ಬಿಸಿನೀರು ಜೋಳದ ಪಿಷ್ಟವನ್ನು ಭಾಗಶಃ ಬೇಯಿಸಿ ಗಂಜಿಯಂತೆ ಮಾಡುತ್ತದೆ. ಆ ಗಂಜಿಯೇ ಅಂಟಿನ ಕೆಲಸ ಮಾಡುತ್ತದೆ. ಈ ಪ್ರದೇಶದ ಮನೆಮನೆಯಲ್ಲಿ ದಿನವೂ ನಡೆಯುವ ಈ ಪ್ರಯೋಗದಲ್ಲಿ ಉಷ್ಣಶಾಸ್ತ್ರವೂ ರಸಾಯನಶಾಸ್ತ್ರವೂ ಒಂದೇ ಒಲೆಯ ಮುಂದೆ ಕುಳಿತಿವೆ. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ರೊಟ್ಟಿಯನ್ನು ತಿಂದಿದ್ದೆವು. ಒಮ್ಮೆಯೂ ಅದನ್ನು ಕುರಿತು ಲೆಕ್ಕ ಹಾಕಿರಲಿಲ್ಲ.

ಎರಡನೆಯ ಸೋಲು ಮಕ್ಕಳ ಕೈಯಲ್ಲಾಯಿತು. ವರ್ಷದಲ್ಲಿ ಎರಡು ದಿನ ನಡುಹಗಲಿನಲ್ಲಿ ಸೂರ್ಯನು ನೆತ್ತಿಗೆ ನೇರವಾಗಿ ಬಂದು, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇಲ್ಲದಂತಾಗುವುದು ವಾಚಕರಿಗೆ ತಿಳಿದಿರಬಹುದು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆಲ್ಲ ಈ ಭಾಗ್ಯವುಂಟು. ಬೆಂಗಳೂರಿಗೆ ಅದು ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಬರುತ್ತದೆ. ಸುಮಾರು ಹದಿನೇಳೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಭೂಸನೂರನ್ನು ತಲುಪಲು ಸೂರ್ಯನಿಗೆ ಅಲ್ಲಿಂದ ಇನ್ನೂ ಅರ್ಧ ತಿಂಗಳ ಪಯಣ. ಮೇ ಎರಡನೆಯ ವಾರದಲ್ಲಿ ಬಂದು, ಉತ್ತರಕ್ಕೆ ಹೋಗಿ, ಮರಳುವ ದಾರಿಯಲ್ಲಿ ಆಗಸ್ಟ್ ಮೊದಲ ವಾರ ಮತ್ತೊಮ್ಮೆ ಹಾಯುತ್ತಾನೆ. ನಾವು ಅಲ್ಲಿದ್ದುದು ಅದೇ ವಾರ. ಇಂತಹ ಅವಕಾಶವನ್ನು ಬಿಡಲಾದೀತೆ? ಅಂಗಳದಲ್ಲಿ ಒಂದು ಮೀಟರು ಉದ್ದದ ನೆಟ್ಟಗಿನ ಕೋಲನ್ನು ತೂಗುಗುಂಡಿನಿಂದ ಪರೀಕ್ಷಿಸಿ ನೆಡಿಸಿದೆವು. “ಸರಿಯಾಗಿ ಹನ್ನೆರಡು ಗಂಟೆಗೆ ನೋಡಿರಿ, ನೆರಳು ಮಾಯ!” ಎಂದು ಘೋಷಿಸಿದೆವು.

ಹನ್ನೆರಡಾಯಿತು. ನೆರಳು ಮಾಯವಾಗಲಿಲ್ಲ. ಪಶ್ಚಿಮಕ್ಕೆ ಅದು ಇನ್ನೂ ಅಂಗೈ ಅಗಲದಷ್ಟು ಚಾಚಿಕೊಂಡಿತ್ತು. ಮಕ್ಕಳು ನಮ್ಮನ್ನೂ ಗಡಿಯಾರವನ್ನೂ ಸರದಿಯಂತೆ ನೋಡಿದರು. ದೊಡ್ಡವರು ಉಪಚಾರದ ಮಾತುಗಳನ್ನಾಡಿ ಊಟಕ್ಕೆ ಎದ್ದರು. ಆದರೆ ಒಬ್ಬ ಹುಡುಗಿ ಎದ್ದು ಹೋಗಲಿಲ್ಲ. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆಯಿಡುತ್ತ ಕುಳಿತಳು. ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳ ಕೂಗು ಕೇಳಿಸಿತು: “ಸರ, ಈಗ ಹೋತ ನೋಡ್ರಿ!”

ಕಾರಣ ಹೊಳೆಯುವುದಕ್ಕೆ ನಮಗೆ ಹೊತ್ತು ಬೇಕಾಗಲಿಲ್ಲ. ನಾಚಿಕೆ ಅದಕ್ಕೂ ಮೊದಲೇ ಬಂದಿತ್ತು. ನಮ್ಮ ಗಡಿಯಾರ ತೋರಿಸುವುದು ಭಾರತದ ಪ್ರಮಾಣಕಾಲವನ್ನು. ಅದು ಉತ್ತರಪ್ರದೇಶದ ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಕಾಲ. ಭೂಸನೂರ ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆರು ಡಿಗ್ರಿಗೆ 24 ನಿಮಿಷ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದಿರುವುದರಿಂದಲೂ ಅದರ ಅಕ್ಷ ಓರೆಯಾಗಿರುವುದರಿಂದಲೂ ಸೂರ್ಯನು ಗಡಿಯಾರಕ್ಕಿಂತ ಕೆಲವು ದಿನ ಮುಂದೆ, ಕೆಲವು ದಿನ ಹಿಂದೆ ಇರುತ್ತಾನೆ. ಮೇ ತಿಂಗಳ ಆ ದಿನಗಳಲ್ಲಿ ಸುಮಾರು ನಾಲ್ಕು ನಿಮಿಷ ಮುಂದು. ಇಪ್ಪತ್ತನಾಲ್ಕರಲ್ಲಿ ನಾಲ್ಕು ಕಳೆದರೆ ಇಪ್ಪತ್ತು. ಹುಡುಗಿಯ ಸುಣ್ಣದ ಚುಕ್ಕೆಗಳು ಇದನ್ನೆಲ್ಲ ಅಂಗಳದಲ್ಲಿ ಬರೆದಿಟ್ಟಿದ್ದವು. ಈ ಲೆಕ್ಕವನ್ನು ನಾವು ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಹಲಗೆಯ ಮೇಲಿನ ಸೂರ್ಯನೂ ಅಂಗಳದ ಸೂರ್ಯನೂ ಒಬ್ಬನೇ ಎಂಬುದು ಮಾತ್ರ ಮರೆತುಹೋಗಿತ್ತು.

ಅದೇ ರಾತ್ರಿ, ನಮ್ಮ ಮಾನವನ್ನು ಸ್ವಲ್ಪ ಉಳಿಸಿಕೊಳ್ಳುವ ಆಸೆಯಿಂದ, ಮಕ್ಕಳನ್ನೆಲ್ಲ ಒಂದು ಕೋಣೆಗೆ ಕರೆದೊಯ್ದು ಬಾಗಿಲು ಕಿಟಕಿಗಳನ್ನು ಮುಚ್ಚಿಸಿದೆವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಹತ್ತು ನಿಮಿಷ ಸುಮ್ಮನೆ ಕುಳಿತು, ಬಳಿಕ ಕಲ್ಲುಸಕ್ಕರೆಯ ಹರಳೊಂದನ್ನು ಇಕ್ಕಳದಲ್ಲಿ ಹಿಡಿದು ಒಡೆದೆವು. ಕ್ಷಣಮಾತ್ರ ನಸುನೀಲಿಯ ಮಿಣುಕು ಹೊಳೆದು ಮಾಯವಾಯಿತು. ಮಕ್ಕಳು ಮತ್ತೆ ಮತ್ತೆ ಒಡೆಸಿದರು. ಕಲ್ಲುಸಕ್ಕರೆಯ ಪೊಟ್ಟಣ ಬರಿದಾಯಿತು. ಸಕ್ಕರೆಯ ಹರಳು ಬಿರಿಯುವಾಗ ಬಿರುಕಿನ ಎರಡು ಮೈಗಳಲ್ಲಿ ಪರಸ್ಪರ ವಿರುದ್ಧವಾದ ವಿದ್ಯುದಂಶ ನಿಲ್ಲುತ್ತದೆ. ಅದು ನಡುವಿನ ಗಾಳಿಯ ಮೂಲಕ ಹಾಯುವಾಗ ಗಾಳಿಯ ನೈಟ್ರೊಜನ್ ಬೆಳಗುತ್ತದೆ. ಆಕಾಶದ ಮಿಂಚಿನ ಅತಿ ಚಿಕ್ಕ ತಮ್ಮನೆಂದು ಇದನ್ನು ಕರೆಯಬಹುದು. ಸಕ್ಕರೆಯ ಈ ಗುಣವನ್ನು ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಬರೆದಿಟ್ಟಿದ್ದಾನೆ. ಕೋಣೆಯ ಮೂಲೆಯಲ್ಲಿ ನಿಂತು ನೋಡುತ್ತಿದ್ದ ಕಾರ್ಖಾನೆಯ ಕೆಲಸಗಾರರೊಬ್ಬರು, “ಇಷ್ಟು ವರ್ಷ ಸಕ್ಕರಿ ಚೀಲ ಹೊತ್ತೀನಿ; ಅದರಾಗ ಬೆಳಕದ ಅಂತ ಇವತ್ತ ಗೊತ್ತಾತು” ಎಂದರು. ಅವರ ದನಿಯಲ್ಲಿ ಸಂತೋಷದಷ್ಟೇ ಸ್ವಲ್ಪ ವಿಷಾದವೂ ಇದ್ದಂತೆ ನಮಗೆ ತೋರಿತು.

ಇಲ್ಲಿಯವರೆಗೆ ಹೇಳಿದುದೆಲ್ಲ ವಿನೋದ. ಕೊನೆಯ ಸಂಜೆ ನಡೆದುದು ಹಾಗಲ್ಲ.

ಮಧ್ಯಾಹ್ನದ ಸೆಕೆಯ ನಂತರ ಪಶ್ಚಿಮದಲ್ಲಿ ಮೋಡಗಳು ಗೋಪುರದಂತೆ ಎದ್ದಿದ್ದವು. ಕಟ್ಟೆಯ ಮಾತು ಸಹಜವಾಗಿ ಸಿಡಿಲಿಗೆ ತಿರುಗಿತು. ರೈತರೊಬ್ಬರು ತಮ್ಮ ಹೊಲದ ಬದುವಿನಲ್ಲಿರುವ ಒಂದು ಬೇವಿನ ಮರದ ವಿಷಯ ಹೇಳಿದರು. ಹಿಂದೊಮ್ಮೆ ಸಿಡಿಲು ಹೊಡೆದು ಅದರ ತೊಗಟೆ ಮೇಲಿನಿಂದ ಕೆಳಗಿನವರೆಗೆ ಸೀಳಿದೆಯಂತೆ. ಬಳಿಕ ಅವರು, “ಸಿಡಿಲು ಬಡದ ಗಿಡಕ್ಕ ಇನ್ನೊಮ್ಮಿ ಬಡಿಯಂಗಿಲ್ರಿ. ಅದಕ್ಕ ಮಳಿ ಬಂದ್ರ ಆಳುಕಾಳು ಎಲ್ಲಾ ಆ ಗಿಡದ ಬುಡಕ್ಕೇ ನಿಂದರ್ತೀವಿ” ಎಂದರು. ಸುತ್ತಲಿನವರು ತಲೆದೂಗಿದರು. ಅದು ಅವರಿಗೆ ಒಂದು ಸೋಜಿಗದ ಸಂಗತಿ, ಕಂಬಳಿ-ಐಸಿನ ಹಾಗೆ. ನಮಗೆ ಮೈ ಜುಮ್ಮೆಂದಿತು.

ಒಂದು ಮರಕ್ಕೆ ಸಿಡಿಲು ಹೊಡೆದ ಮಾತ್ರಕ್ಕೆ ಅದರ ಎತ್ತರ ಕಡಿಮೆಯಾಗುವುದಿಲ್ಲ. ಬಯಲಿನಲ್ಲಿ ಅದರ ಒಂಟಿತನವೂ ಕಡಿಮೆಯಾಗುವುದಿಲ್ಲ. ಮೊದಲ ಸಿಡಿಲಿಗೆ ಅದು ಗುರಿಯಾದ ಕಾರಣಗಳೆಲ್ಲ ಹಾಗೆಯೇ ಇರುತ್ತವೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವರ್ಷವೊಂದರಲ್ಲಿ ಸರಾಸರಿ ಇಪ್ಪತ್ತರಷ್ಟು ಸಲ ಸಿಡಿಲು ಹೊಡೆಯುತ್ತದೆ. ಮರಕ್ಕೆ ಬಡಿದ ಸಿಡಿಲು ಕಾಂಡದಲ್ಲಿ ಇಳಿಯುವಾಗ ಪಕ್ಕದಲ್ಲಿ ನಿಂತವನ ಮೈಗೆ ಹಾರಬಹುದು; ನೆಲವನ್ನು ಸೇರಿ ಹರಡುವಾಗಲೂ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯಬಹುದು. ಮುಂಗಾಲು ಹಿಂಗಾಲುಗಳ ನಡುವೆ ಬಹಳ ಅಂತರವಿರುವ ದನಗಳು ಮರದ ಕೆಳಗೆ ಗುಂಪಾಗಿ ಸಾಯುವುದಕ್ಕೆ ಇದೇ ಕಾರಣ. ಇದನ್ನೆಲ್ಲ ಹೇಳುತ್ತಿರುವಾಗಲೇ ಪಶ್ಚಿಮದಲ್ಲಿ ಮಿಂಚಿತು. ಎಲ್ಲರೂ ಕೂಡಿ ಎಣಿಸಿದೆವು. ಇಪ್ಪತ್ತೊಂದಕ್ಕೆ ಗುಡುಗು ಕೇಳಿಸಿತು. ಬೆಳಕು ತಕ್ಷಣ ಬರುತ್ತದೆ. ಸದ್ದು ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು ಬೇಕು. ಸಿಡಿಲು 7 ಕಿಲೋಮೀಟರು ದೂರದಲ್ಲಿತ್ತು. ಮೂವತ್ತರೊಳಗೆ ಗುಡುಗು ಕೇಳಿದರೆ ಮರವನ್ನು ಬಿಟ್ಟು ಗಟ್ಟಿಯಾದ ಮನೆಯನ್ನೋ ಮುಚ್ಚಿದ ವಾಹನವನ್ನೋ ಸೇರಬೇಕೆಂದು ಹೇಳಿದೆವು. ನಾವು ಕುಳಿತಿದ್ದುದೂ ಮರದ ಕೆಳಗೇ ಎಂಬುದು ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಎರಡು ನಿಮಿಷದಲ್ಲಿ ಕಟ್ಟೆ ಬರಿದಾಯಿತು.

ಆ ರಾತ್ರಿ ನಮ್ಮನ್ನು ಕಾಡಿದ ಯೋಚನೆ ಇದು: ಆ ರೈತರು ಈ ಮಾತನ್ನು ಯಾವ ತರಗತಿಯಲ್ಲಿ ಹೇಳುತ್ತಿದ್ದರು? ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ; ಮಿಂಚಿನ ಪಾಠವನ್ನೂ ಓದಿದ್ದಾರೆ; ಬಹುಶಃ ಅಂಕಗಳನ್ನೂ ಪಡೆದಿದ್ದಾರೆ. ಆದರೂ ಮಳೆ ಬಂದಾಗ ಅದೇ ಮರದ ಬುಡದಲ್ಲಿ ನಿಲ್ಲುತ್ತಾರೆ. ಪುಸ್ತಕದ ಮಿಂಚು ಒಂದು, ಹೊಲದ ಸಿಡಿಲು ಇನ್ನೊಂದು ಎಂದು ಅವರು ಭಾವಿಸಿದ್ದರೆ ಅವರನ್ನು ಹಳಿಯುವ ಹಕ್ಕು ನಮಗಿಲ್ಲ. ಸೂರ್ಯನ ವಿಷಯದಲ್ಲಿ ನಾವು ಮಾಡಿದ ತಪ್ಪೂ ಅದೇ. ಮನುಷ್ಯನು ಮನಸ್ಸಿನಲ್ಲಿ ನಿಜವಾಗಿ ಏನನ್ನು ನಂಬಿದ್ದಾನೆಂಬುದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬಾರದು; ಭಯವಿಲ್ಲದೆ ನಗುತ್ತ ಆಡುವ ಮಾತಿನಲ್ಲಿ ಬರುತ್ತದೆ. ಅಲ್ಲಿ ಅಧ್ಯಾಪಕನು ಇರದಿದ್ದರೆ ಸರಿಯಾದ ನಂಬಿಕೆಗೆ ಕಾರಣವೂ ಸಿಗದು, ತಪ್ಪಾದ ನಂಬಿಕೆಗೆ ತಡೆಯೂ ಸಿಗದು.

ವಿಜ್ಞಾನದ ಚರಿತ್ರೆಯಲ್ಲಿ ಇಂತಹ ಮಾತುಗಳಿಗಿರುವ ಸ್ಥಾನ ಸಣ್ಣದಲ್ಲ. 1963ರಲ್ಲಿ ಟಾಂಗನೀಕದ, ಎಂದರೆ ಇಂದಿನ ಟಾಂಜಾನಿಯದ, ಎರಾಸ್ಟೊ ಎಂಪೆಂಬಾ ಎಂಬ ಶಾಲಾ ಬಾಲಕನು ಐಸ್‌ಕ್ರೀಮ್ ಮಾಡುವಾಗ, ಆರಿಸದೆ ಬಿಸಿಯಾಗಿಯೇ ಇಟ್ಟ ತನ್ನ ಹಾಲು ಗೆಳೆಯನ ಕಾಯಿಸದ ಹಾಲಿಗಿಂತ ಮೊದಲು ಹೆಪ್ಪುಗಟ್ಟಿದುದನ್ನು ಕಂಡನು. ಅಧ್ಯಾಪಕರನ್ನು ಕೇಳಿದಾಗ ಅವನಿಗೆ ದೊರೆತುದು ಪರಿಹಾಸ್ಯ. ಅವನು ಬಿಡಲಿಲ್ಲ, ಮುಂದೆ ಶಾಲೆಗೆ ಬಂದ ಡೆನಿಸ್ ಆಸ್ಬರ್ನ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರನ್ನು ಅದೇ ಪ್ರಶ್ನೆ ಕೇಳಿದನು. ಅವರು ನಗದೆ ಪ್ರಯೋಗ ಮಾಡಿಸಿದರು. 1969ರಲ್ಲಿ ಇಬ್ಬರ ಹೆಸರಿನಲ್ಲಿಯೂ ಲೇಖನ ಪ್ರಕಟವಾಯಿತು. ಈ ಪರಿಣಾಮ ಯಾವಾಗ ತೋರುತ್ತದೆ, ನಿಜವಾಗಿಯೂ ತೋರುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ಪ್ರಯೋಗಕ್ಕೆ ಯೋಗ್ಯವಾದ ಪ್ರಶ್ನೆಗೆ ಪರಿಹಾಸ್ಯ ಉತ್ತರವಲ್ಲ ಎಂಬಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಉಂಟು. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬ ಮಹಿಳೆ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದವಳಲ್ಲ. ಆ ಕಾಲದಲ್ಲಿ ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಮನೆಯ ಪಾತ್ರೆ ತೊಳೆಯುವಾಗ ನೀರಿನ ಮೇಲ್ಮೈಯಲ್ಲಿ ಜಿಡ್ಡು ಹರಡುವ ರೀತಿಯನ್ನು ಗಮನಿಸಿ, ಅಡಿಗೆಮನೆಯಲ್ಲಿಯೇ ಉಪಕರಣವನ್ನು ರಚಿಸಿ, ವರ್ಷಗಟ್ಟಲೆ ಅಳತೆಗಳನ್ನು ಮಾಡಿದಳು. 1891ರಲ್ಲಿ ಅವುಗಳನ್ನು ಇಂಗ್ಲೆಂಡಿನ ಲಾರ್ಡ್ ರೇಲಿಗೆ ಬರೆದು ಕಳುಹಿಸಿದಳು. ಜಗತ್ಪ್ರಸಿದ್ಧ ವಿಜ್ಞಾನಿಯಾದ ಆತ ಆ ಪತ್ರವನ್ನು ಬುಟ್ಟಿಗೆ ಹಾಕಲಿಲ್ಲ. ‘ನೇಚರ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಆದರೆ ದೊಡ್ಡವರೂ ತಪ್ಪುತ್ತಾರೆ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಇದೇ ರೇಲಿ ಹೇಳಿದ್ದನು. 1921ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದ ನಮ್ಮ ಚಂದ್ರಶೇಖರ ವೆಂಕಟರಾಮನ್ನರಿಗೆ ಆ ಉತ್ತರ ಸಾಲದೆನಿಸಿತು. ಜೇಬಿನಲ್ಲಿ ಹಿಡಿಸುವ ನಿಕಲ್ ಪಟ್ಟಕವೊಂದರಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನೂ ಗಾಢವಾಯಿತು. ಆ ಹಾದಿ ಅವರನ್ನು 1928ರ ಫೆಬ್ರವರಿ 28ರ ರಾಮನ್ ಪರಿಣಾಮಕ್ಕೆ ಕರೆದೊಯ್ಯಿತು. ಭೂಸನೂರಿನ ಹಿರಿಯಾಕೆ ನಮ್ಮ ಉತ್ತರವನ್ನು ಕಡಕ್ ರೊಟ್ಟಿಯಿಂದ ಪರೀಕ್ಷಿಸಿದುದಕ್ಕೂ ರಾಮನ್ನರು ರೇಲಿಯ ಉತ್ತರವನ್ನು ಪಟ್ಟಕದಿಂದ ಪರೀಕ್ಷಿಸಿದುದಕ್ಕೂ ಫಲದಲ್ಲಿ ಅಂತರವುಂಟು. ಬುದ್ಧಿಯ ಜಾಡಿನಲ್ಲಿ ಅಂತರವಿಲ್ಲ.

ವಿನೋದದೊಡನೆ ವಿದ್ಯೆ ಎಂಬುದು ಈ ಸೀಮೆಗೆ ಹೊಸತೂ ಅಲ್ಲ. ಇದೇ ಕಲಬುರಗಿ ಜಿಲ್ಲೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿಯ ದೊರೆ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಕೊಂಡಾಡಿದ ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ದುಂಬಿಗಳೂ ಆನೆಗಳೂ ಹಣ್ಣುಗಳೂ ಲೆಕ್ಕಗಳ ಪಾತ್ರಧಾರಿಗಳು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆಂಬಂತಹ ಹಾರದ ಸಂಖ್ಯೆಗಳನ್ನೂ ಅವನು ಪೋಣಿಸಿದ್ದಾನೆ. ವಾಚಕರು ಗುಣಿಸಿ ನೋಡಬಹುದು. ಅಂತಹ ಪಂಡಿತನಿಗೆ ವಿನೋದ ಅಗೌರವವೆನಿಸಲಿಲ್ಲ. ನಮ್ಮ ಕಾಲಕ್ಕೆ ಸಮೀಪವಾಗಿ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ವಿಜ್ಞಾನವು ಮನೆಮಾತಿನಲ್ಲಿ ಮನೆಗೆ ಬರಬೇಕೆಂಬ ಅಪೇಕ್ಷೆಯಿಲ್ಲದೆ ಅಂತಹ ಸಾಹಸ ನಡೆಯುವುದುಂಟೆ?

ಇದಕ್ಕೆ ಆಕ್ಷೇಪಗಳು ಬರಬಹುದು. ಚೂರುಚೂರು ಸೋಜಿಗಗಳನ್ನು ಕೂಡಿಹಾಕಿದರೆ ಶಾಸ್ತ್ರವಾಗದು ಎಂದು ನಮ್ಮ ಸಹೋದ್ಯೋಗಿಗಳು ಹೇಳುತ್ತಾರೆ. ಆ ಮಾತು ನಿಜ. ಇಟ್ಟಿಗೆಯ ರಾಶಿ ಮನೆಯಲ್ಲ. ಆದರೆ ಇಟ್ಟಿಗೆಯಿಲ್ಲದೆ ಬರಿಯ ನಕ್ಷೆಯೂ ಮನೆಯಲ್ಲ. ನಾವು ಮಕ್ಕಳಿಗೆ ಕೊಡುತ್ತಿರುವುದು ಬಹುಮಟ್ಟಿಗೆ ನಕ್ಷೆಯನ್ನು. ಇನ್ನು ಕೆಲವರು, ಹರಟೆಯಲ್ಲಿ ಸುಳ್ಳೇ ಹೆಚ್ಚು ಎನ್ನುತ್ತಾರೆ. ಅದೂ ನಿಜ. ಮಿದುಳಿನ ಹತ್ತನೆಯ ಒಂದು ಪಾಲನ್ನು ಮಾತ್ರ ನಾವು ಬಳಸುತ್ತೇವೆ, ಚೀನದ ಮಹಾಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುತ್ತದೆ ಎಂಬಂತಹ ಮಾತುಗಳು ಈಗ ಕೈಫೋನುಗಳಲ್ಲಿ ಗಾಳಿಗಿಂತ ವೇಗವಾಗಿ ಹರಡುತ್ತಿವೆ. ಎರಡೂ ಸುಳ್ಳು. ಕಣದಲ್ಲಿ ಬಡಿದು ಹಾಕಿದ ಜೋಳದಲ್ಲಿ ಕಾಳಿನೊಡನೆ ಹೊಟ್ಟೂ ಇರುತ್ತದೆ. ಹೊಟ್ಟಿದೆಯೆಂದು ಯಾವ ರೈತನೂ ರಾಶಿಯನ್ನು ಬಿಟ್ಟು ಹೋಗುವುದಿಲ್ಲ. ಗಾಳಿ ನೋಡಿ ತೂರುತ್ತಾನೆ. ನಮ್ಮ ಕೆಲಸವೂ ತೂರುವುದೇ.

ತೂರುವುದಕ್ಕೆ ಬೇಕಾದುದು ಬಹಳವಿಲ್ಲ. ಹೆಸರನ್ನು ಉತ್ತರವೆಂದು ಒಪ್ಪಬಾರದು, “ಅಂದ್ರೇನಪಾ?” ಎಂದು ಕೇಳಬೇಕು. ಸಾಧ್ಯವಾದಲ್ಲೆಲ್ಲ ಒಂದು ಅಂಕಿಯನ್ನು ತರಬೇಕು. ಕಾಲುಪಾಲಿಗೂ ಸಾವಿರದ ಏಳುನೂರಕ್ಕೂ ಇರುವ ವ್ಯತ್ಯಾಸವೇ ನಮ್ಮ ಗಾಳಿಯ ಸಿದ್ಧಾಂತವನ್ನು ಕೆಡವಿತು. ಕೈಗೆ ಸಿಗುವ ವಸ್ತುವಿನಿಂದ ಪರೀಕ್ಷೆ ಮಾಡಬೇಕು. ಕೋಲು, ಸುಣ್ಣ, ರೊಟ್ಟಿ, ಸಕ್ಕರೆ ಯಾವುದಾದರೂ ಆದೀತು. ಸಿಡಿಲು, ವಿದ್ಯುತ್ತು, ವಿಷಗಳ ವಿಷಯದಲ್ಲಿ ಮಾತ್ರ ಪರೀಕ್ಷೆಯ ಸಾಹಸ ಬೇಡ. ಅಲ್ಲಿ ತಿಳಿದವರನ್ನು ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಿಳಿಯದಿದ್ದಲ್ಲಿ ತಿಳಿಯದೆಂದು ಹೇಳುವ ಧೈರ್ಯ ಅಧ್ಯಾಪಕನಿಗಿರಬೇಕು. ಪ್ರತಿಯೊಂದು ಶಾಲೆ ಕಾಲೇಜಿನಲ್ಲಿಯೂ ವಾರಕ್ಕೆ ಒಂದು ಅರ್ಧ ಗಂಟೆಯನ್ನು, ಅಂಕಗಳ ಹಂಗಿಲ್ಲದೆ, ಇಂತಹ ಪ್ರಶ್ನೆಗಳಿಗಾಗಿ ತೆಗೆದಿಡಬೇಕೆಂಬುದು ನಮ್ಮ ಸೂಚನೆ. ನಾವು ಈ ವರ್ಷ ಅದನ್ನು ಆರಂಭಿಸಿದ್ದೇವೆ. ಮೊದಲ ಎರಡು ವಾರ ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ವಾರ ನಾವು ಭೂಸನೂರಿನ ನಮ್ಮ ಎರಡು ಸೋಲುಗಳನ್ನು ವಿವರವಾಗಿ ಹೇಳಿದೆವು. ವಿದ್ಯಾರ್ಥಿಗಳು ಮನಸಾರೆ ನಕ್ಕರು. ನಾಲ್ಕನೆಯ ವಾರದಿಂದ ಪ್ರಶ್ನೆಗಳಿಗೆ ಅರ್ಧ ಗಂಟೆ ಸಾಲುತ್ತಿಲ್ಲ.

ಆ ಸುಣ್ಣದ ಚುಕ್ಕೆಯ ಹುಡುಗಿ ಆಗಸ್ಟ್ ಮೊದಲ ವಾರದಲ್ಲಿ ಬಂಧುಗಳ ಫೋನಿನಿಂದ ನಮಗೆ ಕರೆ ಮಾಡಿದ್ದಳು. ಮೋಡ ಸರಿದಾಗ ಮತ್ತೆ ಕೋಲು ನೆಟ್ಟು ನೋಡಿದಳಂತೆ. ಈ ಸಲ ನೆರಳು ಮಾಯವಾದುದು ಹನ್ನೆರಡೂವರೆಗೆ. ಮೇ ತಿಂಗಳಿಗಿಂತ ಹತ್ತು ನಿಮಿಷ ತಡ ಏಕೆಂದು ಅವಳ ಪ್ರಶ್ನೆ. ಆಗ ಗಡಿಯಾರಕ್ಕಿಂತ ಮುಂದಿದ್ದ ಸೂರ್ಯನು ಈಗ ಆರು ನಿಮಿಷ ಹಿಂದಿದ್ದಾನೆ, ಉತ್ತರ ಇಷ್ಟೇ. ಆದರೆ ಅದನ್ನು ನಾವು ಕೂಡಲೇ ಹೇಳಲಿಲ್ಲ. ವರ್ಷವಿಡೀ ವಾರಕ್ಕೊಮ್ಮೆ, ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಬರೆದಿಡುವಂತೆ ಹೇಳಿದೆವು. ಅವಳು ಬರೆಯುತ್ತಿದ್ದಾಳೆ.